ಗುಹೆಯ ಕಲ್ಲಿನಲ್ಲಿ ಹಳೆಯ ಮುಂಗಾರು ಓದುವುದು ಹೇಗೆ: ಹನಿ ಎಣಿಸುವುದರಿಂದ ಗ್ರಾಫ್ ಬರೆಯುವ ತನಕ

ಮೇಘಾಲಯದ ಸೊಹ್ರಾ, ನಮ್ಮ ಪಾಠಪುಸ್ತಕಗಳ ಚಿರಾಪುಂಜಿ. ಅದರ ಪಕ್ಕದ ಮಾವ್ಮ್‌ಲು ಗುಹೆಯಿಂದ ಬಂದ ಒಂದು ಸ್ಟಾಲಗ್ಮೈಟ್ (ಗುಹೆಯ ನೆಲದಿಂದ ಮೇಲಕ್ಕೆ ಬೆಳೆಯುವ ಸುಣ್ಣದ ಕಂಬ) ತುಂಡಿಗೆ 2018ರಲ್ಲಿ ಭೂಮಿಯ ಕಾಲಪಟ್ಟಿಯಲ್ಲೇ ಜಾಗ ಸಿಕ್ಕಿತು. ನಾವೀಗ ಬದುಕಿರುವ ಭೂಯುಗಕ್ಕೆ ‘ಮೇಘಾಲಯನ್’ ಎಂದು ಹೆಸರಿಟ್ಟರು. 2000ನೇ ಇಸವಿಯಿಂದ ಹಿಂದಕ್ಕೆ 4,250 ವರ್ಷ ಎಣಿಸಿದರೆ ಸಿಗುವ ಬಿಂದುವೇ ಅದರ ಆರಂಭ. ಮುಂಗಾರು ಕುಸಿದ ಗುರುತು ಆ ಕಲ್ಲಿನಲ್ಲಿತ್ತು. ಆದರೆ ಅದೇ ಗುಹೆಯ ಬೇರೆ ಕಲ್ಲುಗಳನ್ನು ಹೆಚ್ಚು ಒತ್ತಾಗಿ ಕಾಲ ಅಳೆದು ನೋಡಿದಾಗ ಒಂದೇ ಉದ್ದನೆಯ ಬರ ಕಾಣಲಿಲ್ಲ. ಕೆಲವು ದಶಕಗಳಷ್ಟು ಕಾಲ ಮುಂಗಾರು ಸೊರಗುವುದು, ನಡುವೆ ಚೇತರಿಸಿಕೊಳ್ಳುವುದು, ಮತ್ತೆ ಸೊರಗುವುದು, ಹೀಗೆ ಕಂತುಕಂತಾಗಿ ಕಂಡಿತು. ಗುಹೆ ಒಂದೇ, ಮಳೆಯೂ ಒಂದೇ, ಓದು ಮಾತ್ರ ಎರಡು. ಇಂಥ ವ್ಯತ್ಯಾಸ ಎಲ್ಲೆಲ್ಲಿ ಹುಟ್ಟುತ್ತದೆ, ಅದನ್ನು ಕಡಿಮೆ ಮಾಡುವುದು ಹೇಗೆ ಎಂಬುದೇ ಈ ಮಾರ್ಗದರ್ಶಿಯ ಮುಖ್ಯ ಚಿಂತೆ. ಭೂವಿಜ್ಞಾನದ ಸ್ನಾತಕೋತ್ತರ ವಿದ್ಯಾರ್ಥಿಗಳನ್ನು, ಈ ಕ್ಷೇತ್ರಕ್ಕೆ ಹೊಸದಾಗಿ ಕಾಲಿಡುವ ಸಂಶೋಧಕರನ್ನು ಮನಸ್ಸಿನಲ್ಲಿಟ್ಟು ಬರೆದದ್ದು.

ಕಲ್ಲು ಬೆಳೆಯುವ ಬಗೆ

ಮಳೆನೀರು ಮಣ್ಣಿನೊಳಗೆ ಇಳಿಯುವಾಗ ಬೇರುಗಳೂ ಸೂಕ್ಷ್ಮಜೀವಿಗಳೂ ಬಿಟ್ಟ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ತೆಳುವಾದ ಆಮ್ಲವಾಗುತ್ತದೆ. ಅದು ಸುಣ್ಣಕಲ್ಲನ್ನು ಕರಗಿಸಿಕೊಂಡು ಬಿರುಕುಗಳಲ್ಲಿ ಇಳಿದು ಗುಹೆಯ ಚಾವಣಿಗೆ ಬರುತ್ತದೆ. ಗುಹೆಯ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಮಣ್ಣಿನಲ್ಲಿದ್ದುದಕ್ಕಿಂತ ಕಡಿಮೆ. ಹಾಗಾಗಿ ಹನಿಯೊಳಗಿನ ಅನಿಲ ಹೊರಬೀಳುತ್ತದೆ, ಕರಗಿದ್ದ ಸುಣ್ಣ ಕ್ಯಾಲ್ಸೈಟ್ ಆಗಿ ಕೂರುತ್ತದೆ. ಚಾವಣಿಯಿಂದ ಇಳಿಬಿದ್ದದ್ದು ಸ್ಟಾಲಕ್ಟೈಟ್, ಹನಿ ಬಿದ್ದ ಜಾಗದಲ್ಲಿ ನೆಲದಿಂದ ಎದ್ದದ್ದು ಸ್ಟಾಲಗ್ಮೈಟ್. ಇದು ನೀರು ಆವಿಯಾಗಿ ಉಪ್ಪು ಉಳಿದಂಥ ಪ್ರಕ್ರಿಯೆಯಲ್ಲ. ನೀರು ಆವಿಯಾಗುತ್ತಿರುವ ಗುಹೆಯ ಕಲ್ಲು ನಮ್ಮ ಕೆಲಸಕ್ಕೆ ಕೆಟ್ಟ ಕಲ್ಲು.

ಸಾಮಾನ್ಯವಾಗಿ ವರ್ಷಕ್ಕೆ 10ರಿಂದ 200 ಮೈಕ್ರಾನ್ ಬೆಳವಣಿಗೆ. ವರ್ಷಕ್ಕೆ 60 ಮೈಕ್ರಾನ್ ಬೆಳೆದ 30 ಸೆಂ.ಮೀ. ಕಲ್ಲು ಅಂದರೆ 5,000 ವರ್ಷ. ಮುಂದಿನ ಎಲ್ಲ ಲೆಕ್ಕಕ್ಕೂ ಇದೇ ಕಲ್ಲನ್ನು ಉದಾಹರಣೆಯಾಗಿ ಇಟ್ಟುಕೊಳ್ಳೋಣ.

ಹಂತ 1: ಗುಹೆ ಮತ್ತು ಅನುಮತಿ

ಕರ್ನಾಟಕದ ಬಹುಪಾಲು ನೆಲ ಗ್ರಾನೈಟ್, ನೈಸ್ ಶಿಲೆಗಳದು. ಅಲ್ಲಿ ಈ ಕೆಲಸಕ್ಕೆ ಬರುವ ಗುಹೆ ಸಿಗುವುದಿಲ್ಲ. ಸುಣ್ಣಕಲ್ಲು ಇರುವುದು ಕಲಬುರಗಿ ಕಡೆಯ ಭೀಮಾ ಪ್ರದೇಶ, ಬಾಗಲಕೋಟೆಯ ಕಲಾದಗಿ ಪ್ರದೇಶ, ಉತ್ತರ ಕನ್ನಡದ ಕೆಲವು ಪಟ್ಟಿಗಳಲ್ಲಿ. ಉತ್ತರ ಕನ್ನಡದ ಅಕಳಗವಿಯ ಒಂದು ಸ್ಟಾಲಗ್ಮೈಟಿನಿಂದ ಅಹಮದಾಬಾದಿನ ಭೌತ ಸಂಶೋಧನಾ ಪ್ರಯೋಗಾಲಯದವರು 331 ವರ್ಷಗಳ ಮುಂಗಾರಿನ ದಾಖಲೆ ತೆಗೆದು 2004ರಲ್ಲಿ ಪ್ರಕಟಿಸಿದ್ದಾರೆ. ಛತ್ತೀಸಗಢದ ದಂಡಕ್, ಉತ್ತರಾಖಂಡದ ಸಹಿಯಾ, ಮೇಘಾಲಯದ ಮಾವ್ಮ್‌ಲು ಗುಹೆಗಳು ಭಾರತದ ಮುಂಗಾರು ಚರಿತ್ರೆಯಲ್ಲಿ ಮತ್ತೆ ಮತ್ತೆ ಬರುವ ಹೆಸರುಗಳು.

ಅನುಮತಿಯ ಕೆಲಸ ತಿಂಗಳುಗಳನ್ನು ನುಂಗುತ್ತದೆ, ಅದನ್ನು ಯೋಜನೆಯಲ್ಲೇ ಸೇರಿಸಿ. ಅಭಯಾರಣ್ಯ ಅಥವಾ ಹುಲಿ ಮೀಸಲು ಪ್ರದೇಶವಾದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಅಡಿ ಮುಖ್ಯ ವನ್ಯಜೀವಿ ಪರಿಪಾಲಕರ ಒಪ್ಪಿಗೆ ಬೇಕು. ಮೇಘಾಲಯದಲ್ಲಿ ನೆಲ ಹೆಚ್ಚಾಗಿ ಕುಲದ್ದು, ಸಮುದಾಯದ್ದು ಅಥವಾ ಖಾಸಗಿಯದು. ಅಲ್ಲಿ ಊರಿನ ಮುಖ್ಯಸ್ಥ ‘ರಂಗ್‌ಬಾ ಶ್ನೊಂಗ್’ ಜೊತೆ ಮಾತಾಡದೆ ‘ಕ್ರೆಮ್’ ಒಳಗೆ ಹೋಗುವಂತಿಲ್ಲ. ಖಾಸಿ ಭಾಷೆಯಲ್ಲಿ ಕ್ರೆಮ್ ಅಂದರೆ ಗುಹೆ. ಪೂಜೆ ನಡೆಯುವ ಕಲ್ಲಿನ ತಂಟೆಗೆ ಹೋಗಲೇಬೇಡಿ. ದಾಂಡೇಲಿ ಬಳಿಯ ಕವಳಾ ಗುಹೆಯಲ್ಲಿ ಲಿಂಗವೆಂದು ಜನ ಪೂಜಿಸುವುದು ಒಂದು ಸ್ಟಾಲಗ್ಮೈಟನ್ನೇ. ಅಂಥಲ್ಲಿ ಡ್ರಿಲ್ ಮೆಷಿನ್ ತೆಗೆದರೆ ನಿಮ್ಮ ಕೆಲಸವಷ್ಟೇ ಅಲ್ಲ, ನಿಮ್ಮ ನಂತರ ಬರುವವರ ಕೆಲಸವೂ ನಿಂತುಹೋಗುತ್ತದೆ.

ಒಳಗೆ ಹೋಗುವ ಕಾಲ ಚಳಿಗಾಲ. ಮೇಘಾಲಯದಲ್ಲಿ ಡಿಸೆಂಬರಿನಿಂದ ಫೆಬ್ರವರಿ. ಮಳೆಗಾಲದಲ್ಲಿ ತೊರೆ ಹರಿಯುವ ಗುಹೆಗಳು ಗಂಟೆಯೊಳಗೆ ತುಂಬಬಲ್ಲವು. ಹೆಲ್ಮೆಟ್ ಮತ್ತು ತಲಾ ಮೂರು ಬೆಳಕು ಕಡ್ಡಾಯ. ಕೈಯಲ್ಲಿ ಇಂಗಾಲದ ಡೈಆಕ್ಸೈಡ್ ಮೀಟರ್ ಇರಲಿ: ಎಂಟು ಗಂಟೆಯ ಕೆಲಸಕ್ಕೆ 5,000 ಪಿಪಿಎಂ ಮೇಲ್ಮಿತಿ, ಗಾಳಿಯಾಡದ ತಗ್ಗುಗಳಲ್ಲಿ ಅದನ್ನು ದಾಟುವುದು ಅಪರೂಪವೇನಲ್ಲ. ಬಾವಲಿ ಇರುವ ಕಡೆ ಎನ್-95 ಮಾಸ್ಕ್ ಹಾಕಿಕೊಳ್ಳಿ. ಹಿಕ್ಕೆಯ ದೂಳಿನ ಜೊತೆ ಬರುವ ಶಿಲೀಂಧ್ರ ಶ್ವಾಸಕೋಶವನ್ನು ಕೆಡಿಸುತ್ತದೆ.

ಹಂತ 2: ಕಲ್ಲು ಮುಟ್ಟುವ ಮೊದಲು ಹನಿ ನೋಡಿ

ಅವಸರದ ಯೋಜನೆಗಳಲ್ಲಿ ಮೊದಲು ಬಿಟ್ಟುಹೋಗುವುದು ಇದೇ ಹಂತ. ಕೊನೆಗೆ ಅರ್ಥ ಹೇಳಲು ಕೂತಾಗ ಎಲ್ಲಕ್ಕಿಂತ ಹೆಚ್ಚು ಕೈಕೊಡುವುದೂ ಇದೇ. ಕಲ್ಲು ಬರೆದಿಡುವುದು ಮಳೆಯನ್ನಲ್ಲ, ಹನಿಯನ್ನು. ಮಳೆಗೂ ಹನಿಗೂ ನಡುವೆ ಮಣ್ಣಿದೆ, ಬಿರುಕಿದೆ, ಹಳೆಯ ನೀರು ನಿಂತ ಪೊಟರೆಗಳಿವೆ. ಕನಿಷ್ಠ ಒಂದು ಪೂರ್ತಿ ವರ್ಷ, ಸಾಧ್ಯವಾದರೆ ಎರಡು ವರ್ಷ, ಇವುಗಳನ್ನು ದಾಖಲಿಸಿ.

ಗುಹೆಯ ತಾಪಮಾನ ಮತ್ತು ತೇವಾಂಶ: ಲಾಗರ್ ಇಟ್ಟು ಗಂಟೆಗೊಮ್ಮೆ. ತೇವಾಂಶ ವರ್ಷವಿಡೀ ಶೇ 95ರ ಮೇಲಿರಬೇಕು. ಸಾಮಾನ್ಯ ಸಂವೇದಕಗಳು ಶೇ 100ರ ಹತ್ತಿರ ನೀರು ಹಿಡಿದು ತಪ್ಪು ಹೇಳುತ್ತವೆ. ಓದು ತಿಂಗಳುಗಟ್ಟಲೆ 100ಕ್ಕೇ ಅಂಟಿಕೊಂಡಿದ್ದರೆ ಅದು ಗುಹೆಯ ಗುಣವೋ ಸಂವೇದಕದ ರೋಗವೋ ಎಂದು ಬೇರೆ ಉಪಕರಣದಿಂದ ನೋಡಿಕೊಳ್ಳಿ.

ಹನಿಯ ವೇಗ: ಹನಿ ಬಿದ್ದ ಸದ್ದನ್ನೇ ಎಣಿಸುವ ಲಾಗರ್‌ಗಳಿವೆ. ಅವು ಇಲ್ಲದಿದ್ದರೆ ಸ್ಟಾಪ್‌ವಾಚ್ ಹಿಡಿದು ಹನ್ನೊಂದು ಹನಿ ಎಣಿಸಿ. ಮೊದಲ ಹನಿಗೆ ಸೊನ್ನೆ. ಮಳೆ ಬಂದ ಮಾರನೇ ದಿನವೇ ವೇಗ ಏರಿದರೆ ಆ ಹನಿ ದೊಡ್ಡ ಬಿರುಕಿನದು. ವರ್ಷವಿಡೀ ಹೆಚ್ಚುಕಡಿಮೆ ಒಂದೇ ಸಮನಿದ್ದರೆ ಒಳಗೆ ದೊಡ್ಡ ನೀರಿನ ಸಂಗ್ರಹವಿದೆ; ಆ ಕಲ್ಲು ವರ್ಷ ವರ್ಷದ ಏರಿಳಿತ ಕೊಡದು, ಹಲವು ವರ್ಷಗಳ ಸರಾಸರಿಯನ್ನು ಕೊಡುತ್ತದೆ. ಎರಡೂ ಕೆಲಸಕ್ಕೆ ಬರುತ್ತವೆ, ಕೇಳುವ ಪ್ರಶ್ನೆ ಬೇರೆಯಾಗಬೇಕು ಅಷ್ಟೇ.

ನೀರಿನ ಮಾದರಿ: ಮಳೆಯದೂ ಹನಿಯದೂ, ತಿಂಗಳಿಗೊಮ್ಮೆಯಾದರೂ. ಬಾಟಲಿಯನ್ನು ಗಾಳಿಗುಳ್ಳೆ ಉಳಿಯದಂತೆ ಬಾಯಿತನಕ ತುಂಬಿಸಿ ಬಿಗಿಯಾಗಿ ಮುಚ್ಚಿ. ಮಳೆ ಹಿಡಿಯುವ ಕ್ಯಾನಿನಲ್ಲಿ ಆವಿಯಾಗದಂತೆ ನೀರಿನ ಮೇಲೆ ತೆಳುವಾಗಿ ಪ್ಯಾರಫಿನ್ ಎಣ್ಣೆ ಬಿಡಿ, ಇಲ್ಲವೇ ಕೊಳವೆಯ ತುದಿ ತಳದ ನೀರಿನಲ್ಲಿ ಮುಳುಗಿರುವ ಸಂಗ್ರಾಹಕ ಬಳಸಿ. ಅರ್ಧ ತುಂಬಿದ ಬಾಟಲಿ ಬಿಸಿಲಿನ ಜೀಪಿನಲ್ಲಿ ಎರಡು ದಿನ ಕುಳಿತರೆ ಅದರೊಳಗಿನ ನೀರು ಆ ಗುಹೆಯದಾಗಿ ಉಳಿದಿರುವುದಿಲ್ಲ.

ಇನ್ನೊಂದು ಅಗ್ಗದ, ಬಹಳ ಉಪಯೋಗದ ಉಪಾಯ: ಒರಟು ಮಾಡಿದ ಗಾಜಿನ ತಟ್ಟೆಯನ್ನು ಹನಿಯ ಕೆಳಗಿಟ್ಟು ಮೂರರಿಂದ ಆರು ತಿಂಗಳು ಬಿಡಿ. ಅದರ ಮೇಲೆ ಇಂದಿನ ಕ್ಯಾಲ್ಸೈಟ್ ಕೂರುತ್ತದೆ. ಇಂದಿನ ಹನಿ, ಇಂದಿನ ತಾಪಮಾನ, ಇಂದಿನ ಕ್ಯಾಲ್ಸೈಟ್ ಮೂರೂ ಕೈಯಲ್ಲಿದ್ದರೆ ಆ ಗುಹೆಯ ಬರವಣಿಗೆ ನಂಬಲರ್ಹವೇ ಎಂಬುದು ಒಂದೇ ಕಲ್ಲನ್ನೂ ಮುರಿಯದೆ ತಿಳಿಯುತ್ತದೆ.

ಹಂತ 3: ಯಾವ ಕಲ್ಲು, ಎಷ್ಟು ಕಲ್ಲು

ಸ್ಟಾಲಕ್ಟೈಟಿನ ಒಳಗಿನ ಕೊಳವೆ ಮತ್ತು ಸುತ್ತ ಬೆಳೆದ ಪದರಗಳು ಕಾಲವನ್ನು ಗೋಜಲು ಮಾಡುತ್ತವೆ. ಸ್ಟಾಲಗ್ಮೈಟಿನಲ್ಲಿ ಪದರದ ಮೇಲೆ ಪದರ ದೋಸೆ ಪೇರಿಸಿಟ್ಟ ಹಾಗೆ ಕೂರುತ್ತದೆ. ಮೇಣದ ಬತ್ತಿಯಂತೆ ಬುಡದಿಂದ ತುದಿಗೆ ಒಂದೇ ದಪ್ಪ ಇರುವುದು, ಬಾಗಿಲಿನ ಗಾಳಿಯಿಂದ ದೂರ ಇರುವುದು, ಪ್ರವಾಹದ ಕೆಸರು ಮುಟ್ಟದ ಎತ್ತರದಲ್ಲಿರುವುದು, ಬಾವಲಿ ಹಿಕ್ಕೆ ಬೀಳದಿರುವುದು ಒಳ್ಳೆಯ ಕಲ್ಲಿನ ಲಕ್ಷಣ. ಹಿಕ್ಕೆಯ ಆಮ್ಲ ಪದರಗಳನ್ನು ತಿಂದುಹಾಕುತ್ತದೆ. ಆಗಾಗ ದಪ್ಪ ಬದಲಾದ ಕಲ್ಲಿನಲ್ಲಿ ಹನಿಯ ವೇಗವೋ ಬೀಳುವ ಜಾಗವೋ ಬದಲಾಗಿರುತ್ತದೆ.

ಮೊದಲು ಆಗಲೇ ಮುರಿದು ಬಿದ್ದವನ್ನು ನೋಡಿ. ನಿಂತ ಕಲ್ಲನ್ನು ಕತ್ತರಿಸುವ ಮುನ್ನ ಬುಡದಲ್ಲಿ ಕೈಡ್ರಿಲ್‌ನಿಂದ ಸೆಂಟಿಮೀಟರ್ ದಪ್ಪದ ಚಿಕ್ಕ ಕೊರೆತುಂಡು ತೆಗೆದು ಕಾಲ ಅಳೆಸಿ. ನಿಮಗೆ 5,000 ವರ್ಷ ಬೇಕಿದ್ದು ಬುಡವೇ 800 ವರ್ಷ ಎಂದರೆ ಆ ಕಲ್ಲು ಅಲ್ಲೇ ಇರಲಿ. ಕೊರೆದ ರಂಧ್ರವನ್ನು ಕ್ಯಾಲ್ಸೈಟ್ ಪುಡಿ ಕಲಸಿದ ಗಾರೆಯಿಂದ ಮುಚ್ಚಿ. ಬೇಕಾದ ಕಲ್ಲುಗಳು ಎರಡು, ಒಂದೇ ಕಾಲಾವಧಿಯವು. ಏಕೆ ಎಂಬುದು ಮುಂದೆ ಬರುತ್ತದೆ. ಹತ್ತು ತಂದು ಕಪಾಟಿನಲ್ಲಿ ಪೇರಿಸುವುದು ಸಂಶೋಧನೆಯಲ್ಲ.

ತೆಗೆಯುವ ಮುನ್ನ ಫೋಟೊ, ಗುಹೆ ನಕ್ಷೆಯಲ್ಲಿ ಜಾಗ, ಮೇಲ್ಮುಖ ಯಾವುದೆಂಬ ಬಾಣ, ಹನಿ ಈಗಲೂ ಬೀಳುತ್ತಿದೆಯೇ, ತೆಗೆದ ದಿನಾಂಕ, ಎಲ್ಲವೂ ಟಿಪ್ಪಣಿ ಪುಸ್ತಕದಲ್ಲಿರಲಿ. ತುದಿ ಹನಿಯುತ್ತಿದ್ದರೆ ತೆಗೆದ ವರ್ಷವೇ ಕಲ್ಲಿನ ಕೊನೆಯ ವರ್ಷ: ದುಡ್ಡಿಲ್ಲದೆ ಸಿಕ್ಕ ಮೊದಲ ದಿನಾಂಕ ಅದು.

ಹಂತ 4: ಕತ್ತರಿಸುವುದು, ಖನಿಜ ಪರೀಕ್ಷೆ

ವಜ್ರದ ಬ್ಲೇಡಿನ ಗರಗಸದಲ್ಲಿ ಬೆಳವಣಿಗೆಯ ಅಕ್ಷದ ಉದ್ದಕ್ಕೆ ಎರಡು ಹೋಳು ಮಾಡಿ. ತಂಪಿಗೆ ಬರೀ ನೀರು ಬಳಸಿ, ಎಣ್ಣೆ ಬೇಡ. ಎಣ್ಣೆ ರಂಧ್ರಗಳಲ್ಲಿ ಕುಳಿತು ಇಂಗಾಲದ ಅಳತೆಯನ್ನು ಕೆಡಿಸುತ್ತದೆ. ಆಮೇಲೆ 220, 600, 1000 ನಂಬರಿನ ಉಜ್ಜುಪುಡಿಗಳಲ್ಲಿ ಕ್ರಮವಾಗಿ ನಯ ಮಾಡಿ, 40 ಡಿಗ್ರಿ ಸೆಲ್ಸಿಯಸ್ ಮೀರದಂತೆ ಒಣಗಿಸಿ. ಒಂದು ಹೋಳು ಕೆಲಸಕ್ಕೆ, ಇನ್ನೊಂದು ಹಾಗೇ ಕಪಾಟಿಗೆ. ಪುಡಿಯಾಗುವ ಕಲ್ಲಿಗೆ ರಾಳ ತುಂಬಬೇಕಾದರೆ ಕಪಾಟಿನ ಹೋಳಿಗೆ ತುಂಬಿ.

ನಯ ಮಾಡಿದ ಮುಖವನ್ನು ಹೆಚ್ಚಿನ ರೆಸಲ್ಯೂಷನ್‌ನಲ್ಲಿ ಸ್ಕ್ಯಾನ್ ಮಾಡಿ, ಆ ಚಿತ್ರವನ್ನೇ ನಕ್ಷೆಯಾಗಿ ಬಳಸಿ: ಪ್ರತಿ ರಂಧ್ರ, ಪ್ರತಿ ದಿನಾಂಕ ಅದರ ಮೇಲೇ ಗುರುತಾಗಬೇಕು. ಕಂದು ಕೆಸರಿನ ಗೆರೆ, ಪದರಗಳನ್ನು ಅಡ್ಡ ಕತ್ತರಿಸಿದ ಸವೆತ, ಹರಳುಗಳ ದಿಕ್ಕು ಬದಲಾದ ಜಾಗ ಇವುಗಳನ್ನು ಈಗಲೇ ಗುರುತಿಸಿ. ಬೆಳವಣಿಗೆ ನಿಂತಿದ್ದ ಕಾಲ ಅವುಗಳಲ್ಲಿ ಅಡಗಿರಬಹುದು.

ಕಲ್ಲು ಕ್ಯಾಲ್ಸೈಟೋ ಅರಗೊನೈಟೋ? ಎರಡೂ ಕ್ಯಾಲ್ಸಿಯಂ ಕಾರ್ಬೊನೇಟೇ, ಹರಳಿನ ಜೋಡಣೆ ಬೇರೆ. ಒಂದೇ ನೀರಿನಿಂದ ಬೆಳೆದರೂ ಅರಗೊನೈಟಿನ ಆಕ್ಸಿಜನ್ ಮೌಲ್ಯ ಸುಮಾರು 0.6ರಿಂದ 0.8 ಪರ್‌ಮಿಲ್, ಇಂಗಾಲದ ಮೌಲ್ಯ ಸುಮಾರು 1.7 ಪರ್‌ಮಿಲ್ ಹೆಚ್ಚು ಬರುತ್ತದೆ. (ಇಲ್ಲಿ ಮೌಲ್ಯ ಎಂದರೆ ಭಾರದ ಐಸೊಟೋಪ್, ಅಂದರೆ ಆಕ್ಸಿಜನ್-18 ಅಥವಾ ಇಂಗಾಲ-13, ಹಗುರದ್ದಕ್ಕೆ ಹೋಲಿಸಿ ಒಂದು ಮಾನಕಕ್ಕಿಂತ ಎಷ್ಟು ಹೆಚ್ಚು ಅಥವಾ ಕಡಿಮೆ ಎಂಬ ಅಳತೆ. ಪರ್‌ಮಿಲ್ ಎಂದರೆ ಸಾವಿರಕ್ಕೆ ಒಂದು ಪಾಲು.) ಕಲ್ಲಿನ ನಡುವೆ ಖನಿಜ ಬದಲಾದದ್ದು ಗೊತ್ತಾಗದಿದ್ದರೆ ಆ ಜಿಗಿತವನ್ನೇ ಬರಗಾಲವೆಂದು ಓದಿಬಿಡುತ್ತೀರಿ. ಬಣ್ಣ, ಹರಳಿನ ನೋಟ ಬದಲಾದ ಪ್ರತಿ ಜಾಗದಿಂದ ಚಿಟಿಕೆ ಪುಡಿ ತೆಗೆದು ಎಕ್ಸ್‌ರೇ ವಿವರ್ತನದಲ್ಲಿ ನೋಡಿ. ಅರಗೊನೈಟ್ ಕಾಲಕ್ರಮೇಣ ಕ್ಯಾಲ್ಸೈಟ್ ಆಗಿ ಮರುಹರಳಾಗಿದ್ದರೆ ಇನ್ನೂ ಕಷ್ಟ. ಆಗ ಯುರೇನಿಯಂ ಸೋರಿಹೋಗಿ ಕಾಲವೂ ತಪ್ಪುತ್ತದೆ.

ಹಂತ 5: ಯುರೇನಿಯಂ-ಥೋರಿಯಂ ಕಾಲಮಾಪನ

ಯುರೇನಿಯಂ ನೀರಿನಲ್ಲಿ ಕರಗುತ್ತದೆ, ಥೋರಿಯಂ ಕರಗುವುದಿಲ್ಲ ಎನ್ನಬಹುದು. ಹಾಗಾಗಿ ಹೊಸದಾಗಿ ಕೂತ ಕ್ಯಾಲ್ಸೈಟಿನಲ್ಲಿ ಯುರೇನಿಯಂ ಇರುತ್ತದೆ, ಥೋರಿಯಂ-230 ಇರುವುದಿಲ್ಲ. ಯುರೇನಿಯಂ-234 ಒಡೆಯುತ್ತ ಥೋರಿಯಂ-230 ಸೇರುತ್ತ ಹೋಗುತ್ತದೆ. ಎಷ್ಟು ಸೇರಿದೆ ಎಂದು ನೋಡಿದರೆ ಎಷ್ಟು ಕಾಲವಾಯಿತು ಎಂದು ಗೊತ್ತಾಗುತ್ತದೆ. ಯುರೇನಿಯಂ-234ರ ಅರ್ಧಾಯುಷ್ಯ ಸುಮಾರು 2,45,600 ವರ್ಷ, ಥೋರಿಯಂ-230ರದು ಸುಮಾರು 75,600 ವರ್ಷ. ಸುಮಾರು 6 ಲಕ್ಷ ವರ್ಷ ದಾಟಿದ ಮೇಲೆ ಗಡಿಯಾರ ನಿಂತಂತೆಯೇ. ಚೀನಾದ ಗುಹೆಗಳ ಹಲವು ಕಲ್ಲುಗಳನ್ನು ಜೋಡಿಸಿ 6,40,000 ವರ್ಷಗಳ ಮುಂಗಾರು ದಾಖಲೆಯನ್ನು 2016ರಲ್ಲಿ ಪ್ರಕಟಿಸಿದ್ದು ಈ ವಿಧಾನವನ್ನು ಅಂಚಿನ ತನಕ ಎಳೆದದ್ದಕ್ಕೆ ಉದಾಹರಣೆ.

ಪುಡಿ ತೆಗೆಯುವುದು: ಪದರದ ಉದ್ದಕ್ಕೇ, ಅದರ ದಿಕ್ಕು ಬಿಡದೆ, 1ರಿಂದ 2 ಮಿ.ಮೀ. ಅಗಲದ ಕಾಲುವೆಯಂತೆ ಕೊರೆದು 50ರಿಂದ 200 ಮಿ.ಗ್ರಾಂ. ಸಂಗ್ರಹಿಸಿ. ನಮ್ಮ ಉದಾಹರಣೆಯ ಕಲ್ಲಿನಲ್ಲಿ 2 ಮಿ.ಮೀ. ಅಂದರೆ 33 ವರ್ಷಗಳ ಸರಾಸರಿ. ಇನ್ನೂ ಅಗಲ ಕೊರೆದರೆ ಯಂತ್ರ ಎಷ್ಟೇ ನಿಖರವಾಗಿದ್ದರೂ ಪ್ರಯೋಜನವಿಲ್ಲ. ಮೇಲ್ಮೈಯ ಮೊದಲ ಪುಡಿಯನ್ನು ಚೆಲ್ಲಿ.

ಪ್ರಯೋಗಾಲಯದ ಕ್ರಮ ಸ್ಥೂಲವಾಗಿ ಹೀಗೆ. ಪುಡಿಗೆ ನೀರು ಹಾಕಿ, ನೈಟ್ರಿಕ್ ಆಮ್ಲವನ್ನು ಹನಿಹನಿಯಾಗಿ ಬಿಟ್ಟು ಕರಗಿಸಿ. ಅವಸರಪಟ್ಟರೆ ನೊರೆಯ ಜೊತೆ ಮಾದರಿಯೂ ಹೊರಗೆ ಹಾರುತ್ತದೆ. ತೂಕ ಗೊತ್ತಿರುವ ಥೋರಿಯಂ-229, ಯುರೇನಿಯಂ-233, ಯುರೇನಿಯಂ-236 ‘ಸ್ಪೈಕ್’ (ಅಳತೆಗೆ ಹೋಲಿಕೆಯಾಗಿ ಬೆರೆಸುವ ದ್ರಾವಣ) ಸೇರಿಸಿ. ಸ್ವಲ್ಪ ಕಬ್ಬಿಣದ ದ್ರಾವಣ ಹಾಕಿ ಅಮೋನಿಯಾ ಬಿಟ್ಟರೆ ಕೆಂಗಂದು ಒತ್ತರ ಇಳಿಯುತ್ತದೆ, ಯುರೇನಿಯಂ, ಥೋರಿಯಂ ಅದಕ್ಕೆ ಅಂಟಿಕೊಂಡು ಬರುತ್ತವೆ, ಕ್ಯಾಲ್ಸಿಯಂ ಮೇಲಿನ ನೀರಿನಲ್ಲಿ ಉಳಿಯುತ್ತದೆ. ಅದನ್ನು ಮತ್ತೆ ನೈಟ್ರಿಕ್ ಆಮ್ಲದಲ್ಲಿ ಕರಗಿಸಿ ಅಯಾನು ವಿನಿಮಯ ರಾಳದ ಕಾಲಂ ಮೂಲಕ ಇಳಿಸಿ. ಕಬ್ಬಿಣವನ್ನು ತೊಳೆದ ಮೇಲೆ 6 ನಾರ್ಮಲ್ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಥೋರಿಯಂ, ಆಮೇಲೆ ಶುದ್ಧ ನೀರು ಅಥವಾ ಬಹಳ ತೆಳುವಾದ ನೈಟ್ರಿಕ್ ಆಮ್ಲದಲ್ಲಿ ಯುರೇನಿಯಂ ಇಳಿಯುತ್ತದೆ. ಒಣಗಿಸಿ, ಶೇ 2ರ ನೈಟ್ರಿಕ್‌ನಲ್ಲಿ ಕರಗಿಸಿ, ಮಲ್ಟಿ ಕಲೆಕ್ಟರ್ ಪ್ಲಾಸ್ಮಾ ಮಾಸ್ ಸ್ಪೆಕ್ಟ್ರೋಮೀಟರಿಗೆ ಕೊಡಿ. ಪ್ರತಿ ಕಂತಿನ ಮಾದರಿಗಳ ಜೊತೆ ಕಲ್ಲಿಲ್ಲದ ಖಾಲಿ ಮಾದರಿಯೊಂದು ಎಲ್ಲ ಹಂತ ದಾಟಿ ಬರಲಿ. ಚಿಕ್ಕ ವಯಸ್ಸಿನ ಕಲ್ಲುಗಳಲ್ಲಿ ಪ್ರಯೋಗಾಲಯದಿಂದಲೇ ಸೇರಿದ ಥೋರಿಯಂ ದಶಕಗಟ್ಟಲೆ ತಪ್ಪು ತರುತ್ತದೆ.

ನಿಜವಾದ ಶತ್ರು ಕೆಸರು. ಮಣ್ಣಿನ ಕಣದ ಜೊತೆ ಹೊರಗಿನ ಥೋರಿಯಂ-230 ಬಂದು ಕಲ್ಲಿಗೆ ಸುಳ್ಳು ವಯಸ್ಸು ಕೊಡುತ್ತದೆ. ಅದರ ಜೊತೆಗೇ ಬರುವ ಥೋರಿಯಂ-232 ಅಳೆದು ತಿದ್ದುತ್ತಾರೆ. ವಾಡಿಕೆಯ ಊಹೆ, ಮಣ್ಣಿನಲ್ಲಿ ಪ್ರತಿ ಹತ್ತು ಲಕ್ಷ ಥೋರಿಯಂ-232 ಪರಮಾಣುವಿಗೆ 4.4 ಥೋರಿಯಂ-230, ಅನಿಶ್ಚಿತತೆ ಅದರ ಅರ್ಧದಷ್ಟು, ಅಂದರೆ 2.2. ಇದರ ತೂಕ ಎಷ್ಟು ನೋಡಿ. ಯುರೇನಿಯಂ 0.1 ಪಿಪಿಎಂ, ಥೋರಿಯಂ-232 10 ಪಿಪಿಬಿ (ನೂರು ಕೋಟಿಗೆ ಹತ್ತು ಪಾಲು) ಇರುವ ಮಾದರಿ ತೆಗೆದುಕೊಳ್ಳಿ. ಯುರೇನಿಯಂ-234 ಮತ್ತು 238ರ ವಿಕಿರಣ ಚಟುವಟಿಕೆ ಸಮ ಎಂದುಕೊಳ್ಳಿ. ಹತ್ತು ನ್ಯಾನೊಗ್ರಾಂ ಥೋರಿಯಂ-232ರ ಜೊತೆ ಬಂದ ಥೋರಿಯಂ-230 ಸರಿಸುಮಾರು 2,900 ವರ್ಷಗಳ ಬೆಳವಣಿಗೆಗೆ ಸಮ. ಅಂದರೆ ನೀವು 2,900 ವರ್ಷ ಕಳೆಯಬೇಕು, ಆ ಕಳೆಯುವಿಕೆಯಲ್ಲೇ ಸುಮಾರು 1,450 ವರ್ಷ ಆಚೀಚೆ. ಯಂತ್ರ ಏನೇ ಹೇಳಲಿ, ಅಂಥ ದಿನಾಂಕ ಈ ಕೆಲಸಕ್ಕೆ ಸತ್ತಂತೆ. ಅದೇ ಕಲ್ಲಿನಲ್ಲಿ ಥೋರಿಯಂ-232 0.1 ಪಿಪಿಬಿ ಮಾತ್ರ ಇದ್ದರೆ ತಿದ್ದುಪಡಿ 29 ವರ್ಷ. ಯುರೇನಿಯಂ 1 ಪಿಪಿಎಂ ಇದ್ದರೆ ಮೂರೇ ವರ್ಷ. ಕೆಸರಿನ ಗೆರೆ ಕಂಡಲ್ಲಿ ಕೊರೆಯಬೇಡಿ, ಅದರ ಮೇಲೂ ಕೆಳಗೂ ಇರುವ ಬಿಳಿ ಪದರ ಹುಡುಕಿ ಎಂದು ಅನುಭವಿಗಳು ಗೊಣಗುವುದು ಇದೇ ಕಾರಣಕ್ಕೆ.

ಮೊದಲ ಸುತ್ತಿನಲ್ಲಿ ತುದಿ, ಬುಡ, ನಡು: ಮೂರು ದಿನಾಂಕ. ಕಲ್ಲು ಯೋಗ್ಯವೆಂದು ಖಚಿತವಾದರೆ ಹದಿನೈದಿಪ್ಪತ್ತಕ್ಕೆ ಏರಿಸಿ. ಸಮಾನ ಅಂತರದಲ್ಲಿ ಹಂಚಬೇಡಿ. ಬೆಳವಣಿಗೆ ನಿಂತ ಗೆರೆಯ ಎರಡೂ ಬದಿಗೆ, ಪದರದ ದಪ್ಪ ಬದಲಾದ ಕಡೆ, ಮತ್ತು ಐಸೊಟೋಪ್ ಫಲಿತಾಂಶ ಬಂದಮೇಲೆ ನೀವು ಕಥೆ ಹೇಳಲು ಹೊರಟಿರುವ ತಿರುವಿನ ಸುತ್ತ ಒತ್ತಾಗಿ ಇಡಿ. ಬಜೆಟ್ಟಿನ ಮೂರನೇ ಒಂದು ಪಾಲು ಈ ಕೊನೆಯ ಸುತ್ತಿಗೆ ಉಳಿಸಿಕೊಳ್ಳಿ. ಮಾವ್ಮ್‌ಲುವಿನ ಎರಡು ಓದುಗಳ ನಡುವಿನ ವ್ಯತ್ಯಾಸದಲ್ಲಿ ದೊಡ್ಡ ಪಾಲು ಇಂಥ ದಿನಾಂಕಗಳ ಒತ್ತಿನದು.

ಈಚಿನ ನೂರು ವರ್ಷದ ಕಲ್ಲಿಗೆ ಬೇರೆ ಆಧಾರವೂ ಇದೆ: 1950-60ರ ದಶಕಗಳ ಅಣುಬಾಂಬ್ ಪರೀಕ್ಷೆಗಳಿಂದ ಏರಿದ ಇಂಗಾಲ-14 ಕಲ್ಲಿನಲ್ಲೂ ಏರಿಕೆಯಾಗಿ ಕಾಣುತ್ತದೆ. ಆದರೆ ಇಡೀ ಕಲ್ಲಿನ ಕಾಲವನ್ನು ಇಂಗಾಲ-14ರಿಂದ ನೇರ ಅಳೆಯಲು ಹೋಗಬೇಡಿ; ಸುಣ್ಣಕಲ್ಲಿನಿಂದ ಬಂದ ಹಳೆಯ ಇಂಗಾಲ ಸೇರಿ ವಯಸ್ಸು ಹೆಚ್ಚು ತೋರಿಸುತ್ತದೆ.

ಹಂತ 6: ದಿನಾಂಕಗಳ ನಡುವಿನ ಕಾಲ

ಇಪ್ಪತ್ತು ದಿನಾಂಕಗಳ ನಡುವಿನ ಪ್ರತಿ ಅರ್ಧ ಮಿಲಿಮೀಟರಿಗೂ ವಯಸ್ಸು ಬೇಕು. ಸ್ಟಾಲ್‌ಏಜ್, ಕೋಪ್ರಾ, ಆಕ್ಸ್‌ಕ್ಯಾಲ್, ಬಿಕ್ರಾನ್ ಎಂಬ ತಂತ್ರಾಂಶಗಳು ಇದಕ್ಕಿವೆ. ಕನಿಷ್ಠ ಎರಡರಲ್ಲಿ ಮಾಡಿ ಹೋಲಿಸಿ. ಎರಡೂ ಒಪ್ಪದ ಜಾಗದಲ್ಲಿ ದಿನಾಂಕ ಸಾಲದು ಎಂದೇ ಅರ್ಥ. ಬೆಳವಣಿಗೆ ನಿಂತ ಗೆರೆಯನ್ನು ತಂತ್ರಾಂಶಕ್ಕೆ ನೀವೇ ಹೇಳಬೇಕು. ಇಲ್ಲದಿದ್ದರೆ ಅದು ಖಾಲಿ ಕಾಲದ ಮೇಲೆ ಸೇತುವೆ ಕಟ್ಟಿ, ಇಲ್ಲದ ನಿಧಾನ ಬೆಳವಣಿಗೆಯನ್ನು ತೋರಿಸುತ್ತದೆ. ಕ್ರಮ ತಪ್ಪಿದ ದಿನಾಂಕವನ್ನು ತೆಗೆದುಹಾಕುವುದಾದರೆ ಕಾರಣ ಬರೆದಿಡಿ: ಕೆಸರು, ರಂಧ್ರ, ಮರುಹರಳು, ಏನಿದೆಯೋ ಅದು. ‘ಸರಿಹೊಂದಲಿಲ್ಲ’ ಎಂಬುದು ಕಾರಣವಲ್ಲ.

ಪದರಗಳು ಬರಿಗಣ್ಣಿಗೋ ಪ್ರತಿದೀಪ್ತಿ ಸೂಕ್ಷ್ಮದರ್ಶಕಕ್ಕೋ ವರ್ಷಕ್ಕೊಂದರಂತೆ ಕಂಡರೆ ಎಣಿಸಿ. ಆದರೆ ಎರಡು ಯುರೇನಿಯಂ ದಿನಾಂಕಗಳ ನಡುವಿನ ಎಣಿಕೆ ತಾಳೆಯಾದ ಮೇಲಷ್ಟೇ ಅವನ್ನು ವರ್ಷ ಎನ್ನಿ. ಮುಂಗಾರು, ಹಿಂಗಾರು ಎರಡೂ ಬೀಳುವ ಕಡೆ ವರ್ಷಕ್ಕೆ ಎರಡು ಪದರ ಮೂಡುವ ಸಾಧ್ಯತೆಯನ್ನು ಮರೆಯಬೇಡಿ.

ಚಿಕ್ಕದೆಂದು ತೋರುವ ಇನ್ನೊಂದು ತಪ್ಪು: ‘ಇಂದಿಗೆ ಹಿಂದೆ’ ಅಂದರೆ ಯಾವ ಇಂದು? ಒಬ್ಬರು 1950ರಿಂದ ಎಣಿಸುತ್ತಾರೆ, ಒಬ್ಬರು 2000ದಿಂದ, ಒಬ್ಬರು ಅಳತೆ ಮಾಡಿದ ವರ್ಷದಿಂದ. ಎರಡು ದಾಖಲೆಗಳನ್ನು ಹೋಲಿಸುವ ಮುನ್ನ ಒಂದೇ ಸೊನ್ನೆಗೆ ತನ್ನಿ. ಇಲ್ಲದಿದ್ದರೆ ಐವತ್ತು ವರ್ಷದ ಸುಳ್ಳು ಮುನ್ನಡೆ ಹುಟ್ಟಿಕೊಳ್ಳುತ್ತದೆ.

ಹಂತ 7: ಐಸೊಟೋಪ್ ಮಾದರಿ ಮತ್ತು ಯಂತ್ರ

ಬೆಳವಣಿಗೆಯ ಅಕ್ಷದ ನಡುಗೆರೆಯಲ್ಲಿ, 0.3ರಿಂದ 0.5 ಮಿ.ಮೀ. ಬಿಟ್ ಬಳಸಿ, ಅರ್ಧ ಮಿಲಿಮೀಟರಿಗೊಂದರಂತೆ ಕೊರೆಯಿರಿ. ನಮ್ಮ 30 ಸೆಂ.ಮೀ. ಕಲ್ಲಿಗೆ 600 ಮಾದರಿ, ಒಂದೊಂದೂ ಸುಮಾರು ಎಂಟು ವರ್ಷದ್ದು. ಒಂದಕ್ಕೆ 50ರಿಂದ 150 ಮೈಕ್ರೊಗ್ರಾಂ ಸಾಕು. ಸಾಸಿವೆ ಕಾಳಿಗಿಂತಲೂ ಎಷ್ಟೋ ಕಡಿಮೆ. ಅಕ್ಷ ಬಿಟ್ಟು ಬದಿಗೆ ಜಾರಿದರೆ ಪದರ ಅಲ್ಲಿ ಕೆಳಮುಖವಾಗಿ ಬಾಗಿರುತ್ತದೆ, ಒಂದೇ ರಂಧ್ರದಲ್ಲಿ ಹಲವು ದಶಕ ಬೆರೆಯುತ್ತವೆ. ಡ್ರಿಲ್ ನಿಧಾನವಾಗಿ ತಿರುಗಲಿ: ಬಿಸಿಯಾದರೆ ಅರಗೊನೈಟ್ ಅಲ್ಲೇ ಕ್ಯಾಲ್ಸೈಟಿಗೆ ತಿರುಗಿ ಅಳತೆ ಕೆಡುತ್ತದೆ. ರಂಧ್ರ ರಂಧ್ರಕ್ಕೂ ಬಿಟ್ ಒರೆಸಿ, ಮೇಲ್ಮೈಯ ಪುಡಿಯನ್ನು ಗಾಳಿಯಿಂದ ಊದಿ.

ಯಂತ್ರದಲ್ಲಿ ಪುಡಿಗೆ ಸುಮಾರು 70 ಡಿಗ್ರಿಯಲ್ಲಿ ಫಾಸ್ಫಾರಿಕ್ ಆಮ್ಲ ಬೀಳುತ್ತದೆ, ಹೊರಬಂದ ಇಂಗಾಲದ ಡೈಆಕ್ಸೈಡನ್ನು ಐಸೊಟೋಪ್ ಮಾಸ್ ಸ್ಪೆಕ್ಟ್ರೋಮೀಟರ್ ತೂಗುತ್ತದೆ. ಎಂಟು ಹತ್ತು ಮಾದರಿಗೊಂದು ಮಾನಕ ಇಡಿ; ಈಗ ಬಳಕೆಯಲ್ಲಿರುವ ಐಎಇಎ-603ರ ಮೌಲ್ಯ ಇಂಗಾಲಕ್ಕೆ +2.46, ಆಕ್ಸಿಜನ್‌ಗೆ −2.37 ಪರ್‌ಮಿಲ್. ಮಾನಕಗಳ ಹರಡು ಆಕ್ಸಿಜನ್‌ನಲ್ಲಿ 0.1 ಮೀರಿದರೆ ಆ ದಿನದ ಓಟವನ್ನು ತಿರಸ್ಕರಿಸಿ. ಶೇ ಹತ್ತರಷ್ಟು ಮಾದರಿಗಳನ್ನು ಮತ್ತೆ ಓಡಿಸಿ.

ಕಾರ್ಬೊನೇಟಿನ ಮೌಲ್ಯವನ್ನು ವಿಪಿಡಿಬಿ ಮಾಪಕದಲ್ಲೂ ನೀರಿನದನ್ನು ವಿಸ್ಮೋ ಮಾಪಕದಲ್ಲೂ ಹೇಳುತ್ತಾರೆ. ಎರಡರ ನಡುವೆ ಸುಮಾರು 31 ಪರ್‌ಮಿಲ್ ಅಂತರ. ಹನಿಯನ್ನೂ ಕಲ್ಲನ್ನೂ ಒಂದೇ ಸಮೀಕರಣಕ್ಕೆ ಹಾಕುವ ಮೊದಲು ಮಾಪಕ ನೋಡಿ.

ಹಂತ 8: ಆಕ್ಸಿಜನ್ ಅಂಕಿ ಮಳೆಮಾಪಕವಲ್ಲ

ಎಲ್ಲಕ್ಕಿಂತ ಹೆಚ್ಚು ತಪ್ಪುಗಳು ಇಲ್ಲಿ. ವಾಡಿಕೆಯ ಸೂತ್ರ ಸುಲಭ: ಆಕ್ಸಿಜನ್-18 ಮೌಲ್ಯ ಹೆಚ್ಚು ಋಣಾತ್ಮಕವಾದರೆ ಮುಂಗಾರು ಜೋರು, ಕಡಿಮೆ ಋಣಾತ್ಮಕವಾದರೆ ಸೊರಗಿದ್ದು. ಉಷ್ಣವಲಯದಲ್ಲಿ ಮಳೆ ಜೋರಾದಷ್ಟೂ ಭಾರದ ಆಕ್ಸಿಜನ್-18 ಮೊದಲು ಸುರಿದುಹೋಗಿ ಉಳಿದ ಆವಿ ಹಗುರಾಗುತ್ತದೆ. ಪಶ್ಚಿಮ ಘಟ್ಟದ ಅಕಳಗವಿಯನ್ನು ಓದಿದ್ದು ಈ ‘ಪ್ರಮಾಣ ಪರಿಣಾಮ’ದ ಮೇಲೇ. ತಾಪಮಾನದ ಪಾಲು ಇಲ್ಲಿ ಚಿಕ್ಕದು: ಡಿಗ್ರಿಗೆ ಸುಮಾರು 0.2 ಪರ್‌ಮಿಲ್. ಕಳೆದ ಕೆಲವು ಸಾವಿರ ವರ್ಷಗಳಲ್ಲಿ ನಮ್ಮ ಕಡೆಯ ತಾಪಮಾನ ಒಂದೆರಡು ಡಿಗ್ರಿಗಿಂತ ಹೆಚ್ಚು ಆಡಿಲ್ಲವಾದ್ದರಿಂದ 1 ಪರ್‌ಮಿಲ್ ಜಿಗಿತವನ್ನು ಅದರ ತಲೆಗೆ ಕಟ್ಟಲಾಗದು. ಹಿಮಯುಗದ ತನಕ ಹೋದರೆ ಮಾತ್ರ ಸಮುದ್ರವೇ ಸುಮಾರು 1 ಪರ್‌ಮಿಲ್ ಭಾರವಾಗಿತ್ತು ಎಂಬುದನ್ನು ಮೊದಲು ಕಳೆಯಬೇಕು.

ಸೊಹ್ರಾಕ್ಕೆ ಬಂದರೆ ಈ ಸೂತ್ರ ಕೈಕೊಡುತ್ತದೆ. ವರ್ಷಕ್ಕೆ 11,000 ಮಿ.ಮೀ.ಗೂ ಹೆಚ್ಚು ಸುರಿಯುವ ಊರು. ಅತಿ ಹೆಚ್ಚು ಮಳೆ ಜೂನ್-ಜುಲೈನಲ್ಲಿ. ಐಸೊಟೋಪ್ ಲೆಕ್ಕದಲ್ಲಿ ಅತಿ ಹಗುರವಾದ, ಅಂದರೆ ಆಕ್ಸಿಜನ್-18 ಅತಿ ಕಡಿಮೆ ಇರುವ ಮಳೆ ಬೀಳುವುದು ಮಾತ್ರ ಮುಂಗಾರು ಮುಗಿಯುವ ಹೊತ್ತಿಗೆ. ಬಂಗಾಳ ಕೊಲ್ಲಿಯ ಆವಿ ಬರುವ ದಾರಿ, ದಾರಿಯಲ್ಲಿ ಸುರಿದು ಕಳೆದದ್ದು, ಗಂಗಾ-ಬ್ರಹ್ಮಪುತ್ರಗಳ ಸಿಹಿನೀರು ಕೊಲ್ಲಿಯ ಮೇಲ್ಮೈಗೆ ಸೇರುವುದು, ಎಲ್ಲವೂ ಈ ಮೌಲ್ಯವನ್ನು ಎಳೆದಾಡುತ್ತವೆ. ಹಾಗಾಗಿ ಮಾವ್ಮ್‌ಲುವಿನ ಕಲ್ಲು ಹೇಳುವುದು ಮುಂಗಾರು ಮಾರುತದ ಒಟ್ಟು ವರ್ತನೆಯನ್ನು. ಸೊಹ್ರಾದಲ್ಲಿ ಎಷ್ಟು ಮಿಲಿಮೀಟರ್ ಬಿತ್ತೆಂದು ಅದನ್ನು ಕೇಳಬಾರದು. ನಿಮ್ಮ ಗುಹೆ ಯಾವ ಬಗೆಯದು ಎಂದು ಹೇಳುವುದು ಹಂತ 2ರ ಬಾಟಲಿಗಳು ಮಾತ್ರ.

ಇಂಗಾಲದ ಮೌಲ್ಯ ಇನ್ನೂ ಸ್ಥಳೀಯ. ಮಣ್ಣಿನ ಜೀವಚಟುವಟಿಕೆ ಕುಗ್ಗಿದರೆ ಏರುತ್ತದೆ; ಕಾಡು ಹೋಗಿ ಜೋಳ, ರಾಗಿಯಂಥ ಸಿ-4 (ದ್ಯುತಿಸಂಶ್ಲೇಷಣೆಯ ಬಗೆ ಬೇರೆಯಾದ) ಹುಲ್ಲುಗಳು ಬಂದರೂ ಏರುತ್ತದೆ; ಒಣಗಾಲದಲ್ಲಿ ಹನಿ ಚಾವಣಿ ಮುಟ್ಟುವ ಮೊದಲೇ ಬಿರುಕಿನಲ್ಲಿ ಸುಣ್ಣ ಬಿಟ್ಟರೂ ಏರುತ್ತದೆ. ಕೊನೆಯದನ್ನು ಬೇರ್ಪಡಿಸಲು ಮೆಗ್ನೀಸಿಯಂ ಮತ್ತು ಸ್ಟ್ರಾಂಷಿಯಂ ಅಳೆಯಿರಿ: ಬಿರುಕಿನಲ್ಲೇ ಕ್ಯಾಲ್ಸೈಟ್ ಕೂತರೆ ಉಳಿದ ನೀರಿನಲ್ಲಿ ಕ್ಯಾಲ್ಸಿಯಂಗೆ ಹೋಲಿಸಿ ಇವೆರಡೂ ಒಟ್ಟಿಗೆ ಏರುತ್ತವೆ. ಮೂರೂ ಗೆರೆ ಜೊತೆಯಾಗಿ ಏರಿದರೆ ಒಣಗಾಲದ ವಾದಕ್ಕೆ ಬಲ ಬರುತ್ತದೆ. ಇಂಗಾಲ ಒಂದೇ ಏರಿದರೆ ಮೇಲಿನ ಹೊಲದಲ್ಲಿ ಯಾರೋ ಕಾಡು ಕಡಿದಿರಬಹುದು.

ಹಂತ 9: ಎರಡನೇ ಕಲ್ಲಿನ ಸಾಕ್ಷಿ

ಒಂದೇ ಪದರದಲ್ಲಿ ನಡುವಿನಿಂದ ಅಂಚಿಗೆ ಐದಾರು ಮಾದರಿ ತೆಗೆದು, ಆಕ್ಸಿಜನ್ ಬದಲಾಗದೆ ಉಳಿದರೆ ಕಲ್ಲು ಸಮತೋಲದಲ್ಲಿ ಬೆಳೆದಿದೆ ಎನ್ನುವ ಹೆಂಡಿ ಪರೀಕ್ಷೆ ಹಳೆಯದು. ಮಾಡಿ, ಆದರೆ ಅದರ ಮೇಲೇ ನಿಲ್ಲಬೇಡಿ. ಅಂಚಿನಲ್ಲಿ ಒಂದೇ ಪದರವನ್ನು ಹಿಡಿದು ಕೊರೆಯುವುದೇ ಕಷ್ಟ. ಅದಕ್ಕಿಂತ ಗಟ್ಟಿ ಪರೀಕ್ಷೆ ಎರಡನೇ ಸ್ಟಾಲಗ್ಮೈಟ್. ಬೇರೆ ಹನಿ, ಬೇರೆ ಬಿರುಕು, ಪ್ರತ್ಯೇಕ ದಿನಾಂಕಗಳು. ಆದರೂ ಏರಿಳಿತ ಹೊಂದಿದರೆ ಅದು ಹವಾಮಾನದ್ದು. ಒಂದರಲ್ಲಷ್ಟೇ ಇರುವ ಜಿಗಿತ ಆ ಹನಿಯ ಖಾಸಗಿ ವಿಷಯ.

ಹೋಲಿಸುವಾಗ ಕಾಲದ ಅನಿಶ್ಚಿತತೆಯೊಳಗೆ ಗೆರೆಗಳನ್ನು ಜಗ್ಗಿ ತಾಳೆ ಮಾಡುವ ಆಸೆ ಬರುತ್ತದೆ. ಐವತ್ತು ವರ್ಷ ಆಚೀಚೆ ಸರಿಸುವ ಸ್ವಾತಂತ್ರ್ಯವಿದ್ದರೆ ಯಾವ ಎರಡು ಅಲೆಗಳನ್ನಾದರೂ ಹೊಂದಿಸಬಹುದು. ಸಿಂಧೂ ನಗರಗಳ ಅವನತಿ, ಯಾವುದೋ ಅರಸುಮನೆತನದ ಪತನ, ಎಲ್ಲವನ್ನೂ ಕಲ್ಲಿನ ಒಂದು ತಿರುವಿಗೆ ಗಂಟು ಹಾಕುವ ಉತ್ಸಾಹಕ್ಕೂ ಇದೇ ಮಾತು: ದಿನಾಂಕದ ಆಚೀಚೆ 50 ವರ್ಷ ಇರುವಾಗ ಹತ್ತು ವರ್ಷದ ಆಳ್ವಿಕೆಯ ಬಗ್ಗೆ ಕಲ್ಲು ಮಾತಾಡುವುದಿಲ್ಲ.

ಗ್ರಾಫಿನಲ್ಲಿ ಆಕ್ಸಿಜನ್ ಅಕ್ಷವನ್ನು ತಲೆಕೆಳಗು ಮಾಡಿ, ಮೇಲೆ ಹೋದರೆ ಬಲವಾದ ಮುಂಗಾರು ಎಂದಾಗುವಂತೆ ಬರೆಯುವುದು ವಾಡಿಕೆ. ಹಾಗೆ ಮಾಡಿದ್ದನ್ನು ಚಿತ್ರದಲ್ಲೇ ಬರೆಯಿರಿ. ಪ್ರತಿ ದಿನಾಂಕವನ್ನೂ ಅದರ ಅನಿಶ್ಚಿತತೆಯ ಗೆರೆಯ ಜೊತೆ ಕೆಳಗೆ ತೋರಿಸಿ. ಮೂಲ ಅಂಕಿಗಳು, ತಿದ್ದುಪಡಿಗೆ ಮುಂಚಿನ ಮತ್ತು ನಂತರದ ವಯಸ್ಸು, ಥೋರಿಯಂ-232 ಪ್ರಮಾಣ, ಬೆಳವಣಿಗೆ ನಿಂತ ಜಾಗ, ಖನಿಜ ಎಲ್ಲವನ್ನೂ ಸಿಸಲ್ ಎಂಬ, ಗುಹೆಕಲ್ಲುಗಳ ಐಸೊಟೋಪ್ ದಾಖಲೆಗಳ ಜಾಗತಿಕ ದತ್ತಸಂಚಯ ಕೇಳುವ ನಮೂನೆಯಲ್ಲಿ ಸೇರಿಸಿ. ಕಪಾಟಿಗೆ ಹಾಕಿದ ಹೋಳಿನ ಮೇಲೆ ಗುಹೆಯ ಹೆಸರು, ದಿನಾಂಕ, ಮೇಲ್ಮುಖದ ಬಾಣ ಅಳಿಸದ ಶಾಯಿಯಲ್ಲಿ ಇರಲಿ. ಹದಿನೈದು ವರ್ಷದ ನಂತರ ಹೊಸ ಯಂತ್ರ ಹಿಡಿದು ಬರುವವರು ಮೊದಲು ಹುಡುಕುವುದು ಆ ಬಾಣವನ್ನು.